ಒನಕೆಯ ಸದ್ದಿಗೆ ತಿರುಗಿದ ಮಗು

ಹೋದ ವರ್ಷ ಸಿಂಧನೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಕಿರಿಯ ಮಗನಿಗೆ ಹೆಣ್ಣು ಕೂಸು ಹುಟ್ಟಿತು. ಮೂರನೆಯ ದಿನ ಬೆಳಿಗ್ಗೆ ಒಬ್ಬ ಹುಡುಗಿ ಬಂದಳು. ನರ್ಸ್ ಅಲ್ಲ, ಬೇರೆ ಏನೋ ಓದಿದವಳು. ಅವಳ ಕೈಯಲ್ಲಿ ಮೊಬೈಲ್ ಫೋನಿಗಿಂತ ಸ್ವಲ್ಪ ದಪ್ಪನೆಯ ಒಂದು ಯಂತ್ರವಿತ್ತು. ಅದಕ್ಕೊಂದು ವೈರು, ವೈರಿನ ತುದಿಗೆ ಕಡಲೆಕಾಳಿನಷ್ಟು ಮೆತ್ತನೆಯ ಬಿರಡೆ.

"ಕೂಸು ಮಲಗೈತೇನ್ರಿ? ಮಲಗಿದ್ರನ ಚಲೋ" ಎಂದು ಸೊಸೆಯನ್ನು ಕೇಳಿ, ಆ ಬಿರಡೆಯನ್ನು ಕೂಸಿನ ಕಿವಿಗೆ ಇಟ್ಟಳು. ಕೂಸು ಏಳಲೂ ಇಲ್ಲ, ಅಳಲೂ ಇಲ್ಲ. ಯಂತ್ರದಲ್ಲಿ ಹಸಿರು ದೀಪ ಹತ್ತಿತು. "ಕೇಳ್ತೈತಿ ನೋಡ್ರಿ ಅಜ್ಜಾರ" ಎಂದು ನನಗೆ ತೋರಿಸಿ ಮುಂದಿನ ಮಂಚಕ್ಕೆ ಹೋದಳು.

ನಾನು ಗೋಡೆ ಹಿಡಿದುಕೊಂಡೆ. ಮಗ ಓಡಿ ಬಂದು ಕುರ್ಚಿ ಹಾಕಿದ. "ನಾಷ್ಟಾ ಬಿಟ್ಟು ಬಿ.ಪಿ. ಗುಳಿಗಿ ನುಂಗಿದ್ರ ಹಿಂಗ ಆಗ್ತೈತಿ" ಎಂದು ಬೈದ. ನಾನು ಹೌದು ಎಂದೆ. ಮಲಗಿದ ಕೂಸಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂಬುದು ಈಗ ಒಂದು ಕಪ್ ಚಹಾ ಆರುವುದರೊಳಗೆ ಗೊತ್ತಾಗುತ್ತದೆ. ಒಂದು ಕಾಲದಲ್ಲಿ ನಾನು ಇದೇ ಕೆಲಸ ಮಾಡಿದವನು. ಆ ಕೆಲಸದಲ್ಲಿ ನನ್ನ ಅಕ್ಕನ ಮಗಳಿಗೆ ನಾನು ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹೆಂಡತಿ ತೀರಿಹೋಗಿ ಆರು ವರ್ಷವಾಯಿತು. ಅವಳಿಗೂ ಹೇಳಿರಲಿಲ್ಲ.

ನಾನು ಲಿಂಗಸುಗೂರಿನಲ್ಲಿ ಹತ್ತನೆಯ ಇಯತ್ತೆ ಪಾಸು ಮಾಡಿ ಎರಡು ವರ್ಷ ಸುಮ್ಮನೆ ತಿರುಗಿದೆ. ಆಗ ಊರಿಗೆ ಒಬ್ಬ ಡಾಕ್ಟರು ಬಂದರು. ಕಿವಿ, ಮೂಗು, ಗಂಟಲಿನ ಡಾಕ್ಟರು. ಕಿವಿಗೇ ಬೇರೆ ಡಾಕ್ಟರು ಇರುತ್ತಾರೆ ಎಂಬುದು ನಮ್ಮ ಕಡೆ ಆವರೆಗೆ ಯಾರಿಗೂ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಮನೆ ಹಿಡಿದು ದವಾಖಾನೆ ತೆರೆದರು. ನನ್ನ ಅಕ್ಷರ ದುಂಡಗಿದೆ ಎಂದು ನನ್ನನ್ನು ಕಂಪೌಂಡರ್ ಮಾಡಿಕೊಂಡರು. ಹಣೆಗೆ ದುಂಡನೆಯ ಕನ್ನಡಿ ಕಟ್ಟಿಕೊಂಡು ಕಿವಿ ನೋಡುತ್ತಿದ್ದರು. ಮಾತು ಕಡಿಮೆ. ಬಾಯಲ್ಲಿ ಸದಾ ಒಂದು ಲವಂಗ.

ದವಾಖಾನೆಯ ಹಿತ್ತಲಿನಲ್ಲಿ ತಗಡಿನ ಶೆಡ್ ಇತ್ತು. ಮೊದಲ ವರ್ಷವೇ ಅದನ್ನು ತೊಳೆಸಿ, ಸುಣ್ಣ ಹೊಡೆಸಿ, ಕಿವಿ ಕೇಳದ ಮಕ್ಕಳಿಗೆ ಶಾಲೆ ಮಾಡಿದರು. ಕಲಿಸುವವರು ಅವರ ಹೆಂಡತಿ. ನಾವೆಲ್ಲ ಅಮ್ಮಾವ್ರು ಅನ್ನುತ್ತಿದ್ದೆವು. ಹುಟ್ಟಿದಾಗಿನಿಂದ ಮಾತಾಡದ ಮಕ್ಕಳನ್ನು ನಮ್ಮ ಜನ ಮೂಗ, ಮೂಗಿ ಎಂದು ಬಿಟ್ಟುಬಿಡುತ್ತಿದ್ದರು. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು. ನಾಲಿಗೆಯ ಕೆಳಗಿನ ನರ ಕೊಯ್ಯಿಸುತ್ತಿದ್ದರು. ಡಾಕ್ಟರು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನಾಲಿಗಿ ಚಲೋನ ಅದ. ಕಿವಿ ಕೇಳಂಗಿಲ್ಲ. ಕಿವಿಗೆ ಬೀಳದ ಮಾತು ಬಾಯಿಗೆ ಎಲ್ಲಿಂದ ಬರಬೇಕು? ಐದು ವರ್ಷದೊಳಗ ತರ್ರಿ. ಆಮ್ಯಾಲೆ ತಂದ್ರ ನನ್ನ ಕೈಯಾಗಿಲ್ಲ."

ಊರಲ್ಲಿ ನಗುವವರು ಬಹಳ. ಹೋಟೆಲಿನಲ್ಲಿ ನನ್ನನ್ನು ಕಂಡರೆ ಸಾಕು. "ಏನಲೇ, ನಿಮ್ಮ ಡಾಕ್ಟರು ಮೂಗರಿಗೆ ಮಾತು ಕಲಸ್ತಾನಂತ. ನಮ್ಮ ಎಮ್ಮಿ ಹೊಡ್ಕೊಂಡು ಬರ್ಲೇನು, ಎರಡು ಹಾಡು ಕಲಿಸಿ ಕಳಸ್ರಿ."

ಆದರೆ ಶೆಡ್ಡಿನಲ್ಲಿ ನಡೆಯುವುದನ್ನು ನಾನು ದಿನವೂ ಕಣ್ಣಾರೆ ನೋಡುತ್ತಿದ್ದೆ. ಅಮ್ಮಾವ್ರು ಮಗುವಿನ ಒಂದು ಕೈಯನ್ನು ತಮ್ಮ ಗಂಟಲ ಮೇಲೆ, ಇನ್ನೊಂದನ್ನು ಮಗುವಿನದೇ ಗಂಟಲ ಮೇಲೆ ಇಡಿಸುತ್ತಿದ್ದರು. ತಾವು 'ಅ' ಅಂದಾಗ ಬೆರಳಿಗೆ ತಾಗುವ ನಡುಕ ಅದರ ಗಂಟಲಲ್ಲೂ ಬರುವವರೆಗೆ ಬಿಡುತ್ತಿರಲಿಲ್ಲ. 'ಮ' ಅನ್ನುವಾಗ ಬೆರಳು ಮೂಗಿನ ಮೇಲೆ. 'ಪ' ಕಲಿಸುವಾಗ ತುಟಿಯ ಮುಂದೆ ಕಾಗದದ ಚೂರು ಹಿಡಿಯುತ್ತಿದ್ದರು. ಕಾಗದ ಹಾರಿದರೆ 'ಪ' ಬಂತು. ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುವವನೊಬ್ಬನ ಮಗನಿಗೆ 'ಅಪ್ಪ' ಅನ್ನಲು ಏಳು ತಿಂಗಳು ಹಿಡಿಯಿತು. ಅಪ್ಪ ಪಾಳಿ ಮುಗಿಸಿ ಬಂದಿದ್ದ, ರೆಪ್ಪೆಯ ಮೇಲೆ ಇನ್ನೂ ಬಿಳಿ ಧೂಳು. ಮಗ ಒಡೆದ ದನಿಯಲ್ಲಿ ಒಮ್ಮೆ ಅಂದ. ಆ ಮನುಷ್ಯ ಇದ್ದಲ್ಲೇ ನೆಲದ ಮೇಲೆ ಕುಳಿತುಬಿಟ್ಟ. "ಇನ್ನೊಮ್ಮೆ ಅನಸ್ರಿ ಅಮ್ಮಾವ್ರ" ಎಂದು ಬಹಳ ಹೊತ್ತು ಕೇಳಿಕೊಂಡ.

ಮಕ್ಕಳನ್ನು ಹುಡುಕುವ ಕೆಲಸ ನನ್ನದು. ವಾರಕ್ಕೆ ಎರಡು ದಿನ ಬಸ್ಸು ಹತ್ತಿ ಹಳ್ಳಿಗಳಿಗೆ ಹೋಗುತ್ತಿದ್ದೆ. ಮಸ್ಕಿ, ತುರ್ವಿಹಾಳ, ಸಿಂಧನೂರಿನ ಸುತ್ತಲಿನ ಕಾಲುವೆ ಕ್ಯಾಂಪುಗಳು. ಚೀಲದಲ್ಲಿ ಒಂದು ಗಂಟೆ, ಎರಡು ಕಟ್ಟಿಗೆಯ ತುಂಡು, ಜೋಳದ ಕಾಳು ಹಾಕಿದ ಡಬ್ಬಿ, ಒಂದು ನೋಟ್‌ಬುಕ್ಕು. ಪರೀಕ್ಷೆ ಹೇಗೆ ಮಾಡಬೇಕು ಎಂದು ಡಾಕ್ಟರು ಹತ್ತು ಸಲ ಮಾಡಿಸಿ ತೋರಿಸಿದ್ದರು. ಮಗುವನ್ನು ಹಗ್ಗದ ಹೊರಸಿನ ಮೇಲೆ ತಾಯಿಯ ತೊಡೆಯಲ್ಲಿ ಕೂಡಿಸಬೇಕು, ಕಾಲು ನೆಲಕ್ಕೆ ತಾಗಬಾರದು. ಹಿಂದಿನಿಂದ ಬರಬೇಕು, ನೆರಳು ಮುಂದೆ ಬೀಳಬಾರದು, ಕೈ ಬೀಸಿದ ಗಾಳಿ ತಾಗಬಾರದು. ಮೊದಲು ಡಬ್ಬಿ, ಆಮೇಲೆ ಗಂಟೆ, ಕೊನೆಗೆ ಕಟ್ಟಿಗೆ.

"ಅನುಮಾನ ಇದ್ರ ಅನುಮಾನ ಅಂತ ಬರಿ" ಎಂದಿದ್ದರು. "ಕೇಳ್ತದ ಅಂತ ಬರೀಬ್ಯಾಡಪಾ. ಕೇಳ್ತದ ಅಂತ ಬರದ ಕೂಸಿನ ಮನಿಗೆ ನಾವು ತಿರುಗಿ ಹೋಗಂಗಿಲ್ಲ."

ಮೊದಲ ಕೆಲವು ತಿಂಗಳು ಹಾಗೆಯೇ ಮಾಡಿದೆ. ಆಮೇಲೆ ಸಡಿಲಾದೆ. ಕೇಳುವುದಿಲ್ಲ ಎಂದು ಹೇಳಿದ ಮನೆಯಲ್ಲಿ ಅಳು, ಬೈಗುಳ. "ನಿನ್ನ ಬಾಯಾಗ ಹುಳ ಬೀಳ್ಲಿ" ಎಂದು ಒಬ್ಬ ಅಜ್ಜಿ ಮಸ್ಕಿಯಲ್ಲಿ ಹೊಸಿಲು ದಾಟಿ ಬಂದು ಅಂದಳು. ಕೇಳುತ್ತದೆ ಎಂದರೆ ಚಹಾ, ರೊಟ್ಟಿ, ಶೇಂಗಾ ಚಟ್ನಿ. ಸಣ್ಣ ಡಾಕ್ಟರು ಎಂಬ ಮರ್ಯಾದೆ. ತಾಯಂದಿರ ಹತ್ತಿರ ಒಂದು ಸಾಕ್ಷಿಯೂ ಇರುತ್ತಿತ್ತು. ಎಲ್ಲರೂ ಅದನ್ನೇ ಹೇಳುತ್ತಿದ್ದರು: "ಕೇಳ್ತೈತ್ರಿ. ನಾ ಒನಕಿ ಕುಟ್ಟಿದ್ರ ತಿರುಗಿ ನೋಡ್ತೈತಿ." ನೆಲದಲ್ಲಿ ಹೂತ ಕಲ್ಲಿನ ಒಳ್ಳಿನಲ್ಲಿ ಕುಟ್ಟಿ ತೋರಿಸುತ್ತಿದ್ದರು. ಗೋಡೆಯ ಕಡೆ ಮುಖ ಮಾಡಿ ಕುಳಿತ ಮಗು ನಿಜವಾಗಿಯೂ ತಿರುಗುತ್ತಿತ್ತು. ಬಿಸಿಲು ಏರಿರುತ್ತಿತ್ತು, ಬಸ್ಸಿನ ಹೊತ್ತಾಗಿರುತ್ತಿತ್ತು. ನಾನು ಚೀಲದಿಂದ ಗಂಟೆಯನ್ನು ಹೊರತೆಗೆಯದೆಯೇ 'ಕೇಳಿಸುತ್ತದೆ' ಎಂದು ಬರೆಯತೊಡಗಿದೆ. ಶೆಡ್ಡಿನಲ್ಲಿ ಮಕ್ಕಳು ಅಂಗೈಯಿಂದ, ಬೆರಳಿನಿಂದ ದನಿ ಹಿಡಿಯುವುದನ್ನು ದಿನವೂ ನೋಡುತ್ತಿದ್ದವನು ನಾನು. ಒನಕೆಯ ಪೆಟ್ಟು ನೆಲದಿಂದ ಅಂಡಿಗೆ, ಅಂಗಾಲಿಗೆ ಬಡಿಯುತ್ತದೆ ಎಂಬುದು ನನಗೇ ಹೊಳೆಯಲಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೂ ಅಲ್ಲಿಯವರೆಗಿನದು ತಪ್ಪು. ಮುಂದಿನದನ್ನು ಬರೀ ತಪ್ಪು ಅನ್ನಲಾರೆ.

ನನ್ನ ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ತುರ್ವಿಹಾಳಕ್ಕೆ ಕೊಟ್ಟಿತ್ತು. ಅವಳ ಮಗಳಿಗೆ ಆಗ ನಾಲ್ಕು ವರ್ಷ, ಒಂದು ಮಾತೂ ಬಂದಿರಲಿಲ್ಲ. ಅತ್ತೆ ಮೂಗಿ ಮೂಗಿ ಎಂದು ಹಂಗಿಸುತ್ತಾಳೆಂದು ಅಕ್ಕ ಖಬರು ಕಳಿಸಿದಳು. ಹೋದೆ. ಸ್ವಂತ ಅಕ್ಕನ ಮಗಳೆಂದು, ಡಾಕ್ಟರು ಕಲಿಸಿದಂತೆ ಎಲ್ಲ ಸರಿಯಾಗಿ ಮಾಡಿದೆ. ಹೊರಸಿನ ಮೇಲೆ ಕೂಡಿಸಿದೆ. ಕೂಸು ತಾಯಿಯ ತೊಡೆಯಲ್ಲಿ ಹುಣಸೆ ಬೀಜ ಹಿಡಿದುಕೊಂಡು ಎಣಿಸುವವರ ಹಾಗೆ ಒಂದೊಂದೇ ಕೈಯಿಂದ ಕೈಗೆ ಹಾಕುತ್ತಿತ್ತು. ಡಬ್ಬಿ ಅಲ್ಲಾಡಿಸಿದೆ. ತಿರುಗಲಿಲ್ಲ. ಗಂಟೆ ಬಾರಿಸಿದೆ. ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು, ಕೂಸು ಬೀಜದಿಂದ ಕಣ್ಣು ತೆಗೆಯಲಿಲ್ಲ. ಕಟ್ಟಿಗೆ ಬಡಿದೆ. ನನ್ನ ಕಿವಿಯೇ ಗುಂಯ್ ಅಂದಿತು.

"ತಡಿ, ಹಂಗಲ್ಲ" ಎಂದು ಅಕ್ಕ ಎದ್ದಳು. ಮಗಳನ್ನು ಇಳಿಸಿ ನೆಲದ ಮೇಲೆ ಗೋಡೆಗೆ ಮುಖ ಮಾಡಿ ಕೂಡಿಸಿ, ಖಾಲಿ ಒಳ್ಳಿನಲ್ಲಿ ಒನಕೆ ಎತ್ತಿ ಒಮ್ಮೆ ಕುಟ್ಟಿದಳು. ಕೂಸು ಗಕ್ಕನೆ ತಿರುಗಿ ನಕ್ಕಿತು.

"ನೋಡಿದ್ಯಾ? ಚೀಟಿ ಮ್ಯಾಲೆ ಬರದು ಕೊಡು. ಅತ್ತಿಗೆ ತೋರಸ್ತೀನಿ."

ಈ ಸಲ ಗಂಟೆ ಚೀಲದಲ್ಲಿರಲಿಲ್ಲ, ನನ್ನ ಕೈಯಲ್ಲೇ ಇತ್ತು. ಕೂಸಿಗೆ ಕೇಳುವುದಿಲ್ಲ ಎಂದು ನನಗೆ ಗೊತ್ತಾಯಿತು. ಅದೇ ತಿಂಗಳು ಮಸ್ಕಿಯಿಂದ ನನಗೊಂದು ಸಂಬಂಧ ಬಂದಿತ್ತು. ಮನೆತನದಲ್ಲಿ ಮೂಗರು, ಹುಚ್ಚರು ಇದ್ದಾರೋ ಎಂದು ಹೆಣ್ಣು ಕೊಡುವವರು ಮೊದಲು ವಿಚಾರಿಸುತ್ತಾರೆ ಎಂದು ಅವ್ವ ಹೇಳುತ್ತಿದ್ದಳು. ದವಾಖಾನೆಯ ಚೀಟಿ ತೆಗೆದು, ನನ್ನ ದುಂಡನೆಯ ಅಕ್ಷರದಲ್ಲಿ ಬರೆದೆ: ಕೇಳಿಸುತ್ತದೆ. ಮಾತು ತಡವಾಗಿ ಬರಬಹುದು. ಅಕ್ಕ ಅದನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡಳು. ಕೂಸು ನಾನು ಬರೆಯುವುದನ್ನೇ ಬಾಯಿ ತೆರೆದು ನೋಡುತ್ತಿತ್ತು.

ಎರಡು ತಿಂಗಳಾದ ಮೇಲೆ ಡಾಕ್ಟರು ನನ್ನ ನೋಟ್‌ಬುಕ್ಕು ತಿರುವಿ ಹಾಕುತ್ತಾ ಒಂದು ಕಡೆ ನಿಂತರು.

"ಈ ಊರಾಗ ಮಾತು ಬರದ ಮಕ್ಕಳು ಆರು ಅಂತ ಬರದೀ. ಆರಕ್ಕೂ ಕಿವಿ ಕೇಳ್ತದ ಅಂತೀ. ಹೆಂಗ ನೋಡಿದಿ?"

"ಒನಕಿ ಕುಟ್ಟಿದ್ರ ತಿರುಗಿ ನೋಡ್ತಾವ್ರಿ ಸರ್" ಎಂದೆ.

ಅವರು ಪಕ್ಕದ ಮನೆಯಿಂದ ಒನಕೆ ತರಲು ಹೇಳಿದರು. ಶೆಡ್ಡಿನಲ್ಲಿ ಎಂಟು ಮಕ್ಕಳು, ತುಟಿ ನೋಡಿಕೊಂಡು ಕಲಿಯಲು ಹಾಕಿದ್ದ ಕನ್ನಡಿಯ ಕಡೆಗೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿ ಕುಳಿತವು. ಎಂಟೂ ಮಕ್ಕಳಿಗೆ ಸಿಡಿಲು ಬಡಿದರೂ ಕೇಳುತ್ತಿರಲಿಲ್ಲ, ಅದು ನನಗೆ ಗೊತ್ತಿದ್ದದ್ದೇ. ಡಾಕ್ಟರು ಅವುಗಳ ಹಿಂದೆ ನಿಂತು ಒನಕೆಯನ್ನು ನೆಲಕ್ಕೆ ಒಮ್ಮೆ ಕುಟ್ಟಿದರು. ಎಂಟು ತಲೆಗಳೂ ಒಟ್ಟಿಗೆ ತಿರುಗಿದವು. ಹಟ್ಟಿಯ ಹುಡುಗನಿಗೆ ಅದು ಆಟವೆನಿಸಿ ಚಪ್ಪಾಳೆ ತಟ್ಟಿದ.

"ಇವಕ್ಕೂ ಕೇಳ್ತದ ಅಂತ ಬರೀತೀ ಏನಪಾ" ಎಂದರು ಡಾಕ್ಟರು.

ನಾನು ಮಕ್ಕಳನ್ನು ನೋಡುತ್ತ ನಿಂತೆ. ಎಷ್ಟು ಊರು, ಎಷ್ಟು ಒಳ್ಳು, ತಿರುಗಿ ನೋಡಿ ನಕ್ಕ ಎಷ್ಟು ಮುಖ. ಅವೆಲ್ಲವನ್ನೂ ನಾನೇ ಮನೆಯೊಳಗೆ ಹಾಕಿ ಬಾಗಿಲು ಮುಚ್ಚಿ ಬಂದಿದ್ದೆ.

ಡಾಕ್ಟರು ಕೂಗಾಡಲಿಲ್ಲ. 'ಕೇಳಿಸುತ್ತದೆ' ಎಂದು ಬರೆದ ಮನೆಗಳಿಗೆಲ್ಲ ತಿರುಗಿ ಹೋಗು, ಗಂಟೆ ಹಿಡಿದು ನೋಡು ಎಂದರು. ಒಂದೊಂದೇ ಊರಿನ ಹೆಸರು ಓದುತ್ತ ಹೋದರು. ತುರ್ವಿಹಾಳ ಬಂದಾಗ ನನ್ನ ಬಾಯಿಂದ ತಾನಾಗಿ ಬಂತು: "ಅದು ಗಂಟಿ ಹಿಡಿದೇ ನೋಡೀನ್ರಿ ಸರ್. ನಮ್ಮ ಅಕ್ಕನ ಮಗಳು." ಮಾತು ನಿಜವೇ ಆಗಿತ್ತು. ಗಂಟೆ ಹಿಡಿದೇ ನೋಡಿದ್ದೆ. ಅವರು ಆ ಹೆಸರಿನ ಮೇಲೆ ಗೆರೆ ಎಳೆದರು. ಮಸ್ಕಿಯವರು ನಿಶ್ಚಯಕ್ಕೆ ಬರಲು ಇನ್ನು ಹತ್ತು ದಿನವಿತ್ತು.

ತಿರುಗಿ ಹೋದ ಊರುಗಳಿಂದ ನಾಲ್ಕು ಮಕ್ಕಳು ಶೆಡ್ಡಿಗೆ ಬಂದವು. ಅವುಗಳಲ್ಲಿ ಇಬ್ಬರು ಇವತ್ತು ಒಳ್ಳೆಯ ನೌಕರಿಯಲ್ಲಿದ್ದಾರೆ, ಕಂಡರೆ ನಿಂತು ಮಾತಾಡಿಸುತ್ತಾರೆ. ಅದನ್ನು ನಾನು ಪುಣ್ಯವೆಂದು ಬರೆಯುತ್ತಿಲ್ಲ.

ಮದುವೆಯಾಯಿತು. ನಾಗರ ಪಂಚಮಿಗೆ ಮೊದಲ ಸಲ ಮಸ್ಕಿಗೆ ಅಳಿಯನಾಗಿ ಹೋದೆ. ಹಿತ್ತಲಿನಲ್ಲಿ ಕೈಕಾಲು ತೊಳೆಯಲು ಹೋದಾಗ, ಐವತ್ತರ ಹತ್ತಿರದ ಒಬ್ಬ ಮನುಷ್ಯ ಎತ್ತಿನ ಮೈ ತಿಕ್ಕುತ್ತಿದ್ದ. ಮಾತಾಡಿಸಿದೆ. ನನ್ನ ತುಟಿ ನೋಡಿ ನಕ್ಕು, ತನ್ನ ಕಿವಿ ತೋರಿಸಿ ಕೈ ಅಲ್ಲಾಡಿಸಿದ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಸೀರೆಯ ಅಂಚು ತಿರುವುತ್ತಿದ್ದಳು.

"ನಮ್ಮ ಕಾಕಾ. ಹುಟ್ಟಾ ಮೂಗ. ನೀವು ನೋಡಾಕ ಬಂದ ದಿನ ಹೊಲಕ್ಕ ಕಳಿಸಿದ್ರು. ಸಿಟ್ಟು ಮಾಡ್ಕೋಬ್ಯಾಡ್ರಿ."

ನಾನು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತೆ. ಯಾರಿಗೆ ಹೆದರಿ ಆ ಕೂಸನ್ನು ಮುಚ್ಚಿಟ್ಟೆನೋ ಅವರ ಮನೆಯಲ್ಲೇ ಒಬ್ಬರನ್ನು ನನಗೆ ಹೆದರಿ ಮುಚ್ಚಿಟ್ಟಿದ್ದರು. ಅವತ್ತೇ ಲಿಂಗಸುಗೂರಿಗೆ ಹೋಗಿ ಡಾಕ್ಟರಿಗೆ ಹೇಳಬಹುದಿತ್ತು. ಕೂಸಿಗೆ ಇನ್ನೂ ಐದು ತುಂಬಿರಲಿಲ್ಲ. ಹೋಳಿಗೆ ಉಂಡು ಮಲಗಿದೆ. ಇನ್ನು ಹೆದರಲು ಏನೂ ಉಳಿದಿರಲಿಲ್ಲ, ಡಾಕ್ಟರ ಮುಂದೆ ಸುಳ್ಳುಗಾರನಾಗಬೇಕಲ್ಲ ಎಂಬುದೊಂದೇ. ಅಷ್ಟಕ್ಕೇ ಸುಮ್ಮನಿದ್ದೆ. ಆಮೇಲೆ ತುರ್ವಿಹಾಳಕ್ಕೆ ಹೋಗುವುದನ್ನೇ ಕಡಿಮೆ ಮಾಡಿದೆ.

ಹುಡುಗಿಗೆ ಎಂಟು ವರ್ಷವಾದಾಗ ಅಕ್ಕ ಅವಳನ್ನು ಕರೆದುಕೊಂಡು ತಾನಾಗಿಯೇ ದವಾಖಾನೆಗೆ ಬಂದಳು. ಹುಡುಗಿಯ ಎಡಗಿವಿಗೆ ಬಟ್ಟೆ ಒತ್ತಿ ಹಿಡಿದಿದ್ದಳು. ಬಟ್ಟೆಯಲ್ಲಿ ರಕ್ತ, ಕೀವು. ನಾನು ಹತ್ತಿಯ ತಟ್ಟೆ ಹಿಡಿದು ಡಾಕ್ಟರ ಪಕ್ಕದಲ್ಲಿ ನಿಂತಿದ್ದೆ.

"ಏನಾತವ್ವಾ?"

"ಅವರಪ್ಪ ಹೊಡದಾನ್ರಿ. ಎತ್ತು ಬಣವಿಗೆ ಹೊಕ್ಕಿತ್ತು, ಹೊಡಿ ಹೊಡಿ ಅಂತ ಒದರಿದಾನ. ಈಕಿ ನಿಂತು ನೋಡಿದಾಳ."

"ಕೇಳದ ಕೂಸಿಗೆ ಒದರಿದ್ರ ಏನು ಬಂತು?"

"ಕೇಳ್ತೈತಂತಲ್ಲ ರೀ. ಅವರಪ್ಪ ಅದನ್ನ ಅಂತಾನ. ದವಾಖಾನಿಯವರ ಬರದು ಕೊಟ್ಟಾರ, ಕೇಳ್ತೈತಿ, ಹಟಕ್ಕ ಮಾತಾಡವಲ್ಲಳು ಅಂತ. ಸಾಲ್ಯಾಗ ಮಾಸ್ತರೂ ಹಂಗ ಅಂದು ಹೊರಗ ನಿಂದರಿಸಿದ್ರು, ಆವತ್ತಿಂದ ಬಿಡಿಸೀವಿ."

ಅಕ್ಕ ಸೆರಗಿನ ಗಂಟು ಬಿಚ್ಚಿದಳು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟಳು. "ನಮ್ಮ ತಮ್ಮನ ಕೈಬರಹ ರೀ. ಅವ ತಪ್ಪು ಬರಿಯಂಗಿಲ್ಲ. ಮತ್ಯಾಕ ಮಾತು ಬರವಲ್ಲದು?"

ನಾಲ್ಕು ವರ್ಷ ಆ ಚೀಟಿ ಆ ಮನೆಯಲ್ಲಿ ಏನು ಕೆಲಸ ಮಾಡಿತ್ತು ಎಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ. ಮೂಗಿ ಎಂದು ಬಿಟ್ಟಿದ್ದರೆ ಯಾರೂ ಹೊಡೆಯುತ್ತಿರಲಿಲ್ಲ. ಕೇಳುತ್ತದೆ ಎಂದು ನಾನು ಬರೆದಿದ್ದಕ್ಕೆ, ಕೇಳದಿದ್ದಾಗಲೆಲ್ಲ ಹೊಡೆದಿದ್ದರು. ಹುಡುಗಿ ಅಳುತ್ತಿರಲಿಲ್ಲ. ಡಾಕ್ಟರ ಹಣೆಯ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದಳು.

ಡಾಕ್ಟರು ಚೀಟಿಯನ್ನು ಎರಡು ಸಲ ಓದಿದರು. ನನ್ನ ಕಡೆ ನೋಡಲಿಲ್ಲ. ಅಕ್ಕನಿಗೆ ಹೇಳಿದರು: "ತಪ್ಪು ನಂದವ್ವಾ. ಆ ಹುಡುಗಗ ನಾನು ಸರಿ ಕಲಿಸಿಲ್ಲ. ಈ ಕೂಸಿಗೆ ಹುಟ್ಟಿದಾಗಿಂದ ಕೇಳಿಲ್ಲ. ಇನ್ನು ಯಾರೂ ಹೊಡಿಬಾರದು ಅಂತ ನಾನೇ ಬರದು ಕೊಡ್ತೀನಿ."

ಆಗ ನಾನು ಬಾಯಿ ತೆರೆಯಬೇಕಿತ್ತು. ಅವರು ಕಲಿಸಿದ್ದರು, ನಾನು ಕಲಿತಿದ್ದೆ, ಗೊತ್ತಿದ್ದೇ ಬರೆದೆ ಎಂದು ಹೇಳಬೇಕಿತ್ತು. ಹತ್ತಿಯ ಉಂಡೆ ಕಟ್ಟುತ್ತ ನಿಂತೆ.

ಅವರು ಹೋದ ಮೇಲೆ ಡಾಕ್ಟರು ಕೈ ತೊಳೆಯುತ್ತ ಕೇಳಿದರು. "ಗಂಟಿ ಹಿಡಿದು ನೋಡೀನಿ ಅಂದಿದ್ದಿ."

"ನೋಡಿದ್ದೆ ರೀ."

"ತಿರುಗಿತ್ತೇನು?"

ನಾನು ಹತ್ತಿಯ ತಟ್ಟೆಯನ್ನು ತೊಳೆಯಲು ಎತ್ತಿಕೊಂಡೆ. ಅವರು ಮತ್ತೆ ಕೇಳಲಿಲ್ಲ. ಕೆಲಸದಿಂದ ತೆಗೆಯಲಿಲ್ಲ, ಸಂಬಳ ಕಡಿಮೆ ಮಾಡಲಿಲ್ಲ. ಆದರೆ ಆ ದಿನದ ನಂತರ ನನ್ನನ್ನು ಹಳ್ಳಿಗಳಿಗೆ ಕಳಿಸಲಿಲ್ಲ, ಶೆಡ್ಡಿನೊಳಗೆ ಕರೆಯಲಿಲ್ಲ. ಗಂಟೆಯ ಚೀಲವನ್ನು ಅಮ್ಮಾವ್ರು ಹೊತ್ತುಕೊಂಡು ತಾವೇ ಬಸ್ಸು ಹತ್ತುತ್ತಿದ್ದರು. ಅಕ್ಕನ ಮಗಳನ್ನು ಶೆಡ್ಡಿಗೆ ಸೇರಿಸಲು ಡಾಕ್ಟರು ಎರಡು ಸಲ ಹೇಳಿ ಕಳಿಸಿದರು. ಮಾತು ಬರುವ ವಯಸ್ಸು ದಾಟಿದರೂ ಓದು ಬರಹವಾದರೂ ಬಂದೀತು ಎಂದು. ಭಾವ ಒಪ್ಪಲಿಲ್ಲ. "ಕಳೆ ತೆಗೆಯೋ ಹೊತ್ತಿನ್ಯಾಗ ಸಾಲಿ ಏನು ಸಾಲಿ" ಎಂದನಂತೆ. ಮುಂದೆ ಡಾಕ್ಟರಿಗೆ ವಯಸ್ಸಾಯಿತು, ದವಾಖಾನೆ ಮುಚ್ಚಿತು, ಅವರು ತೀರಿಕೊಂಡರು. ನಾನು ಬೇರೆ ಕಡೆ ಕೆಲಸ ಮಾಡಿ ನಿವೃತ್ತನಾದೆ. ಅವರ ಹತ್ತಿರವೂ ಹೇಳುವುದು ಉಳಿಯಿತು.

ಸಿಂಧನೂರಿನ ಆಸ್ಪತ್ರೆಯಿಂದ ಕೂಸನ್ನು ಮನೆಗೆ ಕರೆತಂದ ವಾರವೇ ನಾನು ತುರ್ವಿಹಾಳದ ಬಸ್ಸು ಹತ್ತಿದೆ. ಭಾವ ಹೋಗಿ ಬಹಳ ವರ್ಷವಾಯಿತು. ಅಕ್ಕ ಈಗ ತನ್ನ ಮಗ, ಸೊಸೆ, ಮತ್ತು ಆ ಮಗಳ ಜೊತೆ ಇದ್ದಾಳೆ. ಮಗಳಿಗೆ ಮದುವೆಯಾಗಲಿಲ್ಲ. ಭತ್ತ ನಾಟಿ ಮಾಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಊರೆಲ್ಲ ಹೇಳುತ್ತದೆ. ನಾನು ಹೋದಾಗ ಅಕ್ಕ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಬೇಳೆ ಆರಿಸುತ್ತಿದ್ದಳು.

"ಅಕ್ಕಾ, ನಿನ್ನ ಮುಂದ ಒಂದು ಮಾತು ಹೇಳ್ಬೇಕಾಗೈತಿ."

"ಯಾರರ ಸತ್ತಾರೇನು?"

"ಇಲ್ಲ."

"ಮತ್ಯಾಕ ಮಾರಿ ಹಂಗ ಮಾಡ್ಕೊಂಡಿ. ಹೇಳು."

ಹೇಳಿದೆ. ಹೊರಸಿನಿಂದ ಹಿಡಿದು, ಗಂಟೆ, ಚೀಟಿ, ಮಸ್ಕಿ, ಡಾಕ್ಟರು ಗೆರೆ ಎಳೆದದ್ದು, ಎಲ್ಲ. ಅವಳು ಬೇಳೆಯಿಂದ ಕೈ ತೆಗೆಯಲಿಲ್ಲ. ಒಂದು ಕಲ್ಲು ಸಿಕ್ಕಿತು, ಅಂಗಳಕ್ಕೆ ಎಸೆದಳು.

"ಗಂಟಿಗೆ ತಿರುಗಲಿಲ್ಲ ಅಂತ ನಾನೂ ನೋಡಿದ್ನಲ್ಲೋ" ಎಂದಳು.

ನನಗೆ ಅರ್ಥವಾಗಲಿಲ್ಲ.

"ತೊಡಿ ಮ್ಯಾಲಿದ್ದ ಕೂಸು ನಂದು. ನನಗ ಗೊತ್ತಾಗಂಗಿಲ್ಲೇನು? ಮತ್ತ ಒನಕಿ ಯಾಕ ಹಿಡದೆ? ನಿಂದು ಮಸ್ಕಿ ಸಂಬಂಧ ಕೂಡಿ ಬರಾಕತ್ತಿತ್ತು. ತಮ್ಮನ ಲಗ್ನ ಆಗೋತನ ಕೂಸಿಂದು ಬಾಯಿ ಬಿಡಬ್ಯಾಡ ಅಂತ ಅವ್ವ ಹೇಳಿ ಕಳಿಸಿದ್ಳು. ಆತು, ಬಿಡಲಿಲ್ಲ. ಲಗ್ನ ಆದ ಮ್ಯಾಲೆ ನೀನ ಬಂದು ಕರ್ಕೊಂಡು ಹೋಗ್ತಿ ಅಂತ ಮಾಡಿದ್ದೆ. ದಾರಿ ನೋಡಿದೆ."

"ಎಷ್ಟು ದಿನ ನೋಡಿದಿ ಅಕ್ಕಾ?"

"ಅಕಿ ಕಿವ್ಯಾಗ ರಗತ ಬರೋತನ."

ಮೊರವನ್ನೊಮ್ಮೆ ಕೊಡವಿ ಮತ್ತೆ ಹೇಳಿದಳು. "ದವಾಖಾನ್ಯಾಗ ಮಾತು ಯಾಕ ಬರವಲ್ಲದು ಅಂತ ಕೇಳಿದ್ನಲ್ಲ, ಅದು ಡಾಕ್ಟ್ರಿಗೆ ಕೇಳಿದ್ದಲ್ಲ. ನಿನಗ ಕೇಳಿದ್ದು. ನೀ ಹತ್ತಿ ಉಂಡಿ ಕಟ್ಟಾಕತ್ತಿದ್ದಿ."

ಅರವತ್ತು ದಾಟಿದ ಮೇಲೆ ಮನುಷ್ಯನಿಗೆ ಬಡಿಯುವಂಥದ್ದು ಏನೂ ಉಳಿದಿರುವುದಿಲ್ಲ ಅಂದುಕೊಂಡಿದ್ದೆ. ಎಪ್ಪತ್ತರಲ್ಲಿ ಆ ಪಡಸಾಲೆಯಲ್ಲಿ ಕುಳಿತು, ನನ್ನ ಎದೆ ಬಡಿದುಕೊಳ್ಳುವುದನ್ನು ನಾನೇ ಕೇಳಿಸಿಕೊಂಡೆ. ಇಷ್ಟು ವರ್ಷ ನನ್ನ ಗುಟ್ಟು ಎಂದು ಕಾಪಾಡಿಕೊಂಡು ಬಂದದ್ದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಪ್ರತಿ ರಾಖಿಗೆ, ಪ್ರತಿ ಪಂಚಮಿಗೆ ನನಗೆ ಉಂಡೆ ಕಳಿಸಿದ್ದಳು.

"ತಪ್ಪಾತಕ್ಕ" ಎಂದೆ. ಅಳು ಬಂತು.

"ನನ್ನ ಮುಂದ ಅತ್ರ ಏನು ಬಂತು? ಹಾಳಾಗಿದ್ದು ಅಕಿ ಬಾಳೇವು. ಅಕಿಗೆ ಹೇಳು."

ಆ ಹೊತ್ತಿಗೆ ಮಗಳು ಗದ್ದೆಯಿಂದ ಬಂದಳು. ಮೊಣಕಾಲಿನವರೆಗೆ ಕೆಸರು, ತಲೆಗೆ ಟವೆಲು. ಕೂದಲು ಅರ್ಧ ಬೆಳ್ಳಗಾಗಿದೆ. ನನ್ನನ್ನು ಕಂಡು ಮುಖ ಅರಳಿತು. ತಾಯಿಯ ಕಡೆ ತಿರುಗಿ, ಎಡ ಅಂಗೈಯ ಮೇಲೆ ಬಲಗೈ ಬೆರಳಿನಿಂದ ಗೀಚಿ ತೋರಿಸಿದಳು.

"ಏನಂತಾಳ?" ಎಂದು ಅಕ್ಕನನ್ನು ಕೇಳಿದೆ.

"ನೀ ಬಂದಿ ಅಂತಾಳ. ನಿನ್ನ ಹೆಸರು ಅದು. ಬರಿಯಾವ. ಸಣ್ಣಾಕಿದ್ದಾಗಿಂದ ಹಂಗ ಕರೀತಾಳ, ನಿನಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಅವಳ ಒಂದು ಸನ್ನೆಯನ್ನೂ ನಾನು ಕಲಿತಿರಲಿಲ್ಲ. ನೀನೇ ತಿಳಿಸಿ ಹೇಳು ಎಂದು ಅಕ್ಕನಿಗೆ ಕೈಮುಗಿದೆ. "ನಂದು ನಾ ಯಾವಾಗೋ ಹೇಳೀನಿ. ನಿಂದು ನೀ ಹೇಳು" ಎಂದು ಅವಳು ಮೊರ ಎತ್ತಿಕೊಂಡು ಗೋಡೆಗೆ ಒರಗಿದಳು.

ಕೈಕಾಲು ತೊಳೆದು ಬಂದು ಮಗಳು ನನ್ನೆದುರು ಕುಳಿತಳು. ನಾನು ಅವಳ ಕಿವಿ ತೋರಿಸಿದೆ. ಆಮೇಲೆ ನನ್ನನ್ನು ತೋರಿಸಿಕೊಂಡೆ. ನನ್ನ ಕಿವಿ ಮುಟ್ಟಿಕೊಂಡು ಕೆನ್ನೆಗೆ ಎರಡು ಏಟು ಹೊಡೆದುಕೊಂಡೆ. ಕೈ ಮುಗಿದೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವಳು ಹುಬ್ಬು ಗಂಟು ಹಾಕಿ ನೋಡಿದಳು. ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿ, ಕಿವಿಯೊಳಗೆ ಇಣುಕಿದಳು. ನಾಲಿಗೆ ಲೊಚಗುಟ್ಟಿ ಎದ್ದು ಒಳಗೆ ಹೋದಳು. ಬೆಳ್ಳುಳ್ಳಿ ಸಿಡಿಯುವ ವಾಸನೆ ಬಂತು. ಸೌಟಿನಲ್ಲಿ ಎಣ್ಣೆ ಕಾಯಿಸಿಕೊಂಡು ಬಂದಳು.

ಕಿವಿಗೆ ಎಣ್ಣೆ ಬಿಡಬೇಡಿ ಎಂದು ನಾನು ಆ ದವಾಖಾನೆಯಲ್ಲಿ ಎಷ್ಟು ಸಾವಿರ ಜನರಿಗೆ ಹೇಳಿದ್ದೇನೋ. ತಲೆ ಹಿಂದಕ್ಕೆ ಎಳೆದುಕೊಂಡೆ. ಅವಳು ನನ್ನ ತಲೆಯನ್ನು ತೊಡೆಯ ಮೇಲೆ ಒತ್ತಿಕೊಂಡು ಮಗ್ಗುಲಾಗಿಸಿದಳು. ಗದ್ದೆಯ ಕೆಲಸದ ಕೈ, ಕೊಸರಿಕೊಳ್ಳಲು ಆಗುವಂಥದ್ದಲ್ಲ.

"ಸುಮ್ನ ಹಾಕಿಸ್ಕೋ" ಎಂದಳು ಅಕ್ಕ. "ಅಲುಗಾಡಿದ್ರ ಅಕಿಗೆ ಸಿಟ್ಟು ಬರ್ತೈತಿ."

ಅದಾದ ಮೇಲೆ ಈಗ ಹನ್ನೊಂದು ಸಲ ತುರ್ವಿಹಾಳಕ್ಕೆ ಹೋಗಿ ಬಂದಿದ್ದೇನೆ. ಅನ್ನ, ನೀರು, ಬಿಸಿಲು, ಬಸ್ಸು, ಎಮ್ಮೆ, ನಾಳೆ ಎಂಬುದಕ್ಕೆಲ್ಲ ಅವಳ ಸನ್ನೆ ಕಲಿತಿದ್ದೇನೆ. ತಪ್ಪಾಗಿ ಮಾಡಿದರೆ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ನಾನು ಹೇಳಬೇಕಾದದ್ದಕ್ಕೆ ಸಾಕಾಗುವಷ್ಟು ಸನ್ನೆ ಇನ್ನೂ ಬಂದಿಲ್ಲ. ಹೋದ ಕೂಡಲೇ ಅವಳು ಮೊದಲು ಕೇಳುವುದು, ಕಿವಿ ಹೇಗಿದೆ ಎಂದು. ಆರಾಮಾಗಿದೆ ಎಂದು ಕೈ ಆಡಿಸುತ್ತೇನೆ. ಅವಳು ನಂಬುತ್ತಾಳೆ.